ಹೊಸದೇನಿಲ್ರಿ

6 ಜೂನ್ 2023, ಮಂಗಳವಾರ

ಕುರೆಕುಪ್ಪ. ಹದಿನಾಲ್ಕು ಮನೆ. ಬೆಳಿಗ್ಗೆ ಏಳೂವರೆಗೆ ಹೊಸಪೇಟೆ ಬಿಟ್ಟದ್ದು, ವಾಪಸ್ ನಾಲ್ಕಕ್ಕೆ. ಜೂನ್ ಬಂದರೂ ಮೇ ತಿಂಗಳ ಬಿಸಿಲು ಹೋಗಿಲ್ಲ. ಅದಿರಿನ ದೂಳಿಗೆ ದುಪಟ್ಟಾ ಒಗೆದರೆ ನೀರೆಲ್ಲ ಇಟ್ಟಿಗೆ ಬಣ್ಣ.

ಹದಿನಾಲ್ಕರಲ್ಲಿ ಹನ್ನೊಂದು ಸೊನ್ನೆ. ಇಬ್ಬರಿಗೆ ಒಂದೊಂದು. ಒಬ್ಬ ಊರಲ್ಲಿಲ್ಲ. ಗಾಳೆಪ್ಪನದೂ ಸೊನ್ನೆಯೇ. ಲಾರಿ ಓಡಿಸುತ್ತಿದ್ದವನು, ಈಗ ಬಾಗಿಲಲ್ಲಿ ಕೂತು ಹೋಗಿಬರುವ ಲಾರಿ ನೋಡುತ್ತಾನೆ. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಾನೆ. ಏಳನೇ ಪ್ರಶ್ನೆ ಓದಿದೆ. "ಹೊಸದೇನಿಲ್ರಿ ಮೇಡಂ," ಅಂದ. ಸೊನ್ನೆ ಬರೆದೆ.

ಏಳನೇ ಪ್ರಶ್ನೆ ನನ್ನ ಕೂಸು. ಇಂಗ್ಲಿಷ್‌ನಿಂದ ಕನ್ನಡಕ್ಕೆ ತಂದವಳು ನಾನು. "ಕಳೆದ ಭೇಟಿಯ ನಂತರ ತಮಗೆ ಹೊಸದಾಗಿ ದಮ್ಮು ಬಂದಿತ್ತೇ? ಬಂದಿದ್ದಲ್ಲಿ ಎಷ್ಟು ಬಾರಿ?" ಮೂರು ದಿನ ಕೂತು ಮಾಡಿದ್ದು. ಔಷಧಿ ಪರೀಕ್ಷೆಯ ಸಮಿತಿಯವರು ಒಂದಕ್ಷರ ಬದಲಿಸದೆ ಒಪ್ಪಿದರು. ಪ್ರಭಂಜನ ಸರ್ ನೋಡಿ, ಅಚ್ಚುಕಟ್ಟು ಕನ್ನಡ ಅಂದರು. ನಮ್ಮ ಡಾಕ್ಟರ್ ಹೊಗಳುವುದು ವರ್ಷಕ್ಕೊಮ್ಮೆ. ಈ ವರ್ಷದ್ದು ನನಗೆ ಬಂತು.

7 ಜೂನ್, ಬುಧವಾರ, ಸಂಜೆ

ದಿನಾ ಬಿಸಿಲಲ್ಲಿ ಅಲೆದು ಮಾಡೋದೇನು ಅಂತ ಅಮ್ಮ ಕೇಳಿದಳು. ಮೆಂತ್ಯ ಸೊಪ್ಪು ಬಿಡಿಸುತ್ತಲೇ ಪಾಠ ಮಾಡಿದೆ. ದಮ್ಮಿನ ರೋಗಿಗಳು ಇನ್ನೂರ ಹನ್ನೆರಡು ಜನ. ಅರ್ಧ ಜನಕ್ಕೆ ಹೊಸ ಪುಡಿ, ಅರ್ಧಕ್ಕೆ ಈಗಿರುವ ಹಳೇ ಪುಡಿ. ಬಾಯಿಗಿಟ್ಟು ಎಳೆಯುವ ಡಬ್ಬಿ ಎರಡಕ್ಕೂ ಒಂದೇ ಥರ. ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹಂಚಿದೆ. ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ತಿಂಗಳಿಗೊಮ್ಮೆ ಮನೆಗೆ ಹೋಗಿ ಎಷ್ಟು ಸಲ ದಮ್ಮು ಹತ್ತಿತು ಅಂತ ಬರೆದುಕೊಳ್ಳುವುದು. ಕೊನೆಗೆ ಯಾವ ಗುಂಪಿಗೆ ಕಡಿಮೆ ಹತ್ತಿತು ಅಂತ ನೋಡುವುದು.

ಹಿಂದೆಲ್ಲ ಮೊದಲನೇ ಸಲ ಯಾವಾಗ ಬಂತು ಅಂತ ಮಾತ್ರ ನೋಡುತ್ತಿದ್ದರು. ಒಮ್ಮೆ ಬಂತೋ, ಆ ಮನುಷ್ಯನ ಕಥೆ ಮುಗಿಯಿತು. ಆಮೇಲೆ ಹತ್ತು ಸಲ ಬಂದರೂ ಲೆಕ್ಕಕ್ಕಿಲ್ಲ. ಅಮ್ಮ ಅಂದಳು: "ಚೊಚ್ಚಲು ಹೆರಿಗಿ ಬರಕೊಂಡು ಮುಂದಿನ ಮಕ್ಕಳನ್ನ ಬಿಟ್ಟಂಗಾತಲ್ಲ." ಎಂಎಸ್ಸಿಯಲ್ಲಿ ನಮಗೆ ಎರಡು ವಾರ ಹಿಡಿದದ್ದು ಅಮ್ಮನಿಗೆ ಒಂದು ಕಟ್ಟು ಮೆಂತ್ಯದಲ್ಲಿ ತಿಳಿಯಿತು. ನಾವು ಎಲ್ಲ ಮಕ್ಕಳನ್ನೂ ಬರೆದುಕೊಳ್ಳುತ್ತೇವೆ. ಹತ್ತು ಜನಕ್ಕೆ ಒಂದೊಂದು ಸಲ ಬಂದರೂ ಹತ್ತು, ಒಬ್ಬಳಿಗೇ ಹತ್ತು ಸಲ ಬಂದರೂ ಹತ್ತು. ಆದರೆ ಎರಡೂ ಒಂದೇ ಅಲ್ಲ, ಆ ವ್ಯತ್ಯಾಸವೂ ನಮ್ಮ ವಿಧಾನಕ್ಕೆ ಗೊತ್ತು. ಒಂದನ್ನೂ ಬಿಡದ ವಿಧಾನ. ನನಗೆ ಅದರ ಮೇಲೆ ಪ್ರೀತಿಯೇ ಇದೆ. ಯಾರಿಗೆ ಹೇಳುವುದು ಇದನ್ನ...

21 ಜೂನ್, ಬುಧವಾರ

ವಡ್ಡು. ನನ್ನ ಹಾಗೇ ಮನೆಮನೆಗೆ ಹೋಗಿ ಕೇಳುವ ದುರುಗೇಶನ ಜೊತೆ ಹೋಗಿದ್ದೆ. ವಡ್ಡುವಿನ ಇಪ್ಪತ್ತೆಂಟು ಜನ ಅವನ ಪಾಲು. ಅವನ ಸಂಖ್ಯೆಗಳು ಮೊದಲಿಂದಲೂ ನನಗೆ ಹಿಡಿಸಿಲ್ಲ. ನನ್ನ ಕುರೆಕುಪ್ಪಕ್ಕಿಂತ ನಾಲ್ಕು ಪಟ್ಟು. ಅದೇ ದೂಳು, ಅದೇ ಪುಡಿ. ವಡ್ಡುವಿಗೆ ಮಾತ್ರ ಯಾಕಷ್ಟು ದಮ್ಮು?

ಇವತ್ತು ಗೊತ್ತಾಯಿತು. ಫಾರಂ ಚೀಲದಿಂದ ಹೊರಗೇ ಬರಲ್ಲ. ಪೂರ್ತಿ ಹರಟೆ. ಹೊಳೆಮ್ಮ ಅಂತ, ಐವತ್ತೆರಡು ವಯಸ್ಸು, ಮೊದಲು ಅದಿರು ಆರಿಸುವ ಕೂಲಿ. ಇವನು ಹೋಗಿ ಆಕೆಯ ಪಕ್ಕದಲ್ಲಿ ಕಟ್ಟೆ ಮೇಲೆ ಕೂತ. ಮೇವು, ಎಮ್ಮೆ, ಸೊಸೆ ಸುಂಕಲಮ್ಮನ ತವರು, ಎಲ್ಲ ಆಯಿತು. ಆಮೇಲೆ: "ಯವ್ವಾ, ಹೋದ ತಿಂಗಳ ಅಮಾಸಿಯಿಂದ ಈಚಿಗೆ ಎಷ್ಟು ಸಲ ದಮ್ಮು ಹತ್ತಿತು? ಜಡೆಪ್ಪ ಡಾಕ್ಟ್ರ ಹತ್ರ ಎಷ್ಟು ಸಲ ಸೂಜಿ ಮಾಡಿಸ್ಕಂಡಿ?" ಜಡೆಪ್ಪ ಊರಿನ ಆರೆಂಪಿ, ಡಿಗ್ರಿ ಇಲ್ಲದ ಡಾಕ್ಟರ್. ಹೊಳೆಮ್ಮ ಬೆರಳು ಮಡಿಸಿದಳು. ಸಂತೆ ದಿನ ಒಮ್ಮೆ, ಹುಣ್ಣಿಮೆ ಹಿಂದಿನ ದಿನ ಒಮ್ಮೆ. ಜೇಬಿನ ಸಣ್ಣ ಪುಸ್ತಕ ತೆಗೆದು ಎರಡು ಅಂತ ಬರೆದ.

ಪ್ರಶ್ನೆಯೊಳಗೇ ಉತ್ತರ ತುರುಕಿ ಕೊಡುವುದು! ಮೊದಲ ವರ್ಷದ ಹುಡುಗರಿಗೂ ಗೊತ್ತು, ಹಾಗೆ ಕೇಳಬಾರದು ಅಂತ. ದಾರಿಯಲ್ಲಿ ಬೈದೆ. ತಲೆ ಕೆರೆದುಕೊಂಡು ಅಂದ: "ಆ ಪ್ರಶ್ನೆ ಸರಿ ಕುಂದ್ರಂಗಿಲ್ರಿ ಮೇಡಂ. ಜನ ಬ್ಯಾರೆ ತಿಳ್ಕಂತಾರ." ಪಿಯುಸಿ ಪಾಸಾದವನು ನನಗೆ ಕನ್ನಡ ಹೇಳಿಕೊಡುತ್ತಾನೆ.

3 ಜುಲೈ, ಸೋಮವಾರ

ಪ್ರಭಂಜನ ಸರ್‌ಗೆ ಬರೆದು ಕೊಟ್ಟೆ. ಒಂದೂವರೆ ಪುಟ. ಮುದ್ರಿತ ಪ್ರಶ್ನೆಯನ್ನು ಓದುವುದಿಲ್ಲ. ಉತ್ತರ ಸೂಚಿಸುತ್ತಾನೆ. ಕೂತಲ್ಲೇ ಸಂಖ್ಯೆ ಬರೆಯುತ್ತಾನೆ.

ಮೂರನೇ ವಾಕ್ಯ ಬರೆಯುವಾಗ ಒಂದು ಕ್ಷಣ ಪೆನ್ನು ತಡೆಯಿತು. ನಾನು ನೋಡಿದ್ದು ಒಂದೇ ದಿನ, ಆವತ್ತು ಕೇಳಿಯೇ ಬರೆದಿದ್ದ. ಆದರೆ ಬೇರೆ ಹೇಗೆ ಬರುತ್ತೆ ಅಷ್ಟು ಸಂಖ್ಯೆ? ಇರಲಿ ಅಂತ ಬಿಟ್ಟೆ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ. ಒಬ್ಬನಿಂದ ಇನ್ನೂರ ಹನ್ನೆರಡು ಜನರ ಕೆಲಸ ಹಾಳಾಗಬಾರದು.

10 ಜುಲೈ

ದುರುಗೇಶ್ ಹೋದ. ಬ್ಯಾಗು, ಗುರುತಿನ ಚೀಟಿ ನನ್ನ ಟೇಬಲ್ ಮೇಲಿಟ್ಟು, "ಬರ್ತೀನ್ರಿ" ಅಂದ. ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ನನ್ನ ಹತ್ತಿರ ಉತ್ತರ ಸಿದ್ಧವಿತ್ತು.

ವಡ್ಡು ಇನ್ನು ಮೇಲೆ ನನಗೆ.

9 ಆಗಸ್ಟ್, ಬುಧವಾರ

ವಡ್ಡು ಮುಗಿಸಿದೆ. ಇಪ್ಪತ್ತೆಂಟರಲ್ಲಿ ಇಪ್ಪತ್ತನಾಲ್ಕು ಸೊನ್ನೆ. ಅಂದುಕೊಂಡ ಹಾಗೇ.

ಹೊಳೆಮ್ಮ ಕಟ್ಟೆ ಮೇಲೆ ಜಾಗ ಮಾಡಿ, "ಕುಂದ್ರು ಬಾರವ್ವಾ," ಅಂದಳು. ನಿಂತೇ ಓದಿದೆ. ಇನ್ನೂ ಒಂಬತ್ತು ಮನೆ ಇತ್ತು. ಪ್ರಶ್ನೆ ಎರಡು ಸಲ ಓದಿಸಿಕೊಂಡಳು. ಆಮೇಲೆ: "ಹೊಸದೇನಿಲ್ಲ ಬಿಡವ್ವಾ. ಅದ ಹಳೇದು." ಸೊನ್ನೆ.

ಹೊರಡುವಾಗ ಕೇಳಿದಳು: "ಈ ಸಲ ಗಾಡಿ ಬರಂಗಿಲ್ಲೇನವ್ವಾ?" ಮೂರು ತಿಂಗಳಲ್ಲಿ ಎರಡು ಸಲ ದಮ್ಮು ಹತ್ತಿದವರನ್ನು ಆಸ್ಪತ್ರೆ ಗಾಡಿ ಕಳಿಸಿ ಹೊಸಪೇಟೆಗೆ ಕರೆಸಬೇಕು, ಸರ್ ನೋಡಿ ಔಷಧಿ ಬದಲಿಸುತ್ತಾರೆ. ಅದು ನಿಯಮ. ದುರುಗೇಶನ ಕಾಲದಲ್ಲಿ ಆಕೆಯನ್ನು ಎರಡು ಸಲ ಕರೆಸಿದ್ದರು. ಸೊನ್ನೆ ಇದ್ದವರಿಗೆ ಗಾಡಿ ಇಲ್ಲಮ್ಮ ಅಂದೆ.

ಗಾಡಿಯ ಆಸೆ. ಅದಕ್ಕೇ ಆಗ ಬೆರಳು ಮಡಿಸಿದ್ದು. ಎಲ್ಲ ತಾಳೆಯಾಯಿತು.

22 ನವೆಂಬರ್, ಬುಧವಾರ

ಮೂರು ತಿಂಗಳಿಂದ ಈ ಪುಸ್ತಕ ಮುಟ್ಟಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಸೊನ್ನೆಗಳು.

ಇವತ್ತು ಸರ್ ಎಲ್ಲರಿಗೂ ಮಿರ್ಚಿ ತರಿಸಿದರು. ದಮ್ಮಿನ ಸಂಖ್ಯೆ ಒಟ್ಟಾರೆ ಇಳಿಯುತ್ತಿದೆ, ಗ್ರಾಫ್ ನೋಡಿದರೆ ಕಣ್ಣಿಗೆ ತಂಪು. ಯಾವ ಗುಂಪು ಯಾವುದು ಅಂತ ಗೊತ್ತಿಲ್ಲದಿದ್ದರೂ ಔಷಧಿ ಹಿಡಿದಿದೆ ಅಂತ ಎಲ್ಲರಿಗೂ ಖುಷಿ. ನನಗೂ.

ಮೊನ್ನೆ ವಡ್ಡುವಿನಲ್ಲಿ ಹೊಳೆಮ್ಮ ಕಟ್ಟೆಗೆ ಬರಲಿಲ್ಲ. ಒಳಗೆ ಗೋಡೆಗೆ ದಿಂಬು ಇಟ್ಟುಕೊಂಡು ಕೂತಿದ್ದಳು. ಮಲಗಿದರೆ ಆಗಲ್ಲವಂತೆ. ಹೊಸದು? ಇಲ್ಲ. ಅದೇ. ಸೊನ್ನೆ.

19 ಜನವರಿ 2024, ಶುಕ್ರವಾರ

ಬಳ್ಳಾರಿಯಿಂದ ಗಿರೀಶ್ ಫೋನ್. ಈ ಪರೀಕ್ಷೆಯ ಲೆಕ್ಕವೆಲ್ಲ ಕೊನೆಗೆ ಸೇರುವುದು ಅವನ ಹತ್ತಿರ. ಕಂಪ್ಲಿಯವನು, ನನಗಿಂತ ಎರಡು ವರ್ಷ ಸೀನಿಯರ್, ಮಾತು ಕಡಿಮೆ, ಕಣ್ಣು ಹದ್ದಿನದು. ವಡ್ಡುವಿನ ಸಂಖ್ಯೆ ಮೆಲ್ಲಗೆ ಇಳಿದಿಲ್ಲವಂತೆ. ಜುಲೈ ತನಕ ತಲೆಗೆ ವರ್ಷಕ್ಕೆ ನಾಲ್ಕು, ಆಗಸ್ಟಿನಿಂದ ಅದರ ಅರ್ಧವೂ ಇಲ್ಲ. ಮೆಟ್ಟಿಲು ಮುರಿದ ಹಾಗೆ.

"ಶ್ರೀವಾಣಿ ಅವ್ರ, ಔಷಧ ಕೆಲಸ ಮಾಡಾಕತ್ತೈತೋ, ಕೇಳೋರು ಬದಲಾಗಿದ್ದು ಕೆಲಸ ಮಾಡಾಕತ್ತೈತೋ?"

ಮೊದಲಿನವನು ಸುಳ್ಳು ಬರೆಯುತ್ತಿದ್ದ, ವರದಿ ಫೈಲಿನಲ್ಲಿದೆ ಅಂದೆ. ಹ್ಞೂಂ ಅಂದ. ಎರಡು ಗುಂಪಿಗೂ ಒಬ್ಬಳೇ ಕೇಳುತ್ತಿರುವುದರಿಂದ ಹೋಲಿಕೆಗೆ ತೊಂದರೆ ಇಲ್ಲ ಅಂದೆ. ಅದಕ್ಕೂ ಹ್ಞೂಂ. ಆಮೇಲೆ ಅಂದದ್ದು: ಎರಡೂ ಕಡೆ ಸೊನ್ನೆಯೇ ತುಂಬಿದರೆ ಹೋಲಿಸೋಕೆ ಉಳಿಯೋದೇನು?

ಇಡೀ ಮಧ್ಯಾಹ್ನ ಸಿಟ್ಟು. ಯಾರ ಮೇಲೆ ಅಂತ ಗೊತ್ತಿಲ್ಲ. ಅಮ್ಮನ ಮೇಲೆ ಹಾರಾಡಿದೆ.

13 ಫೆಬ್ರವರಿ, ಮಂಗಳವಾರ

ಹೊಳೆಮ್ಮ ಹೋದಳು. ಶನಿವಾರ ಬೆಳಿಗ್ಗೆ. ಸುಂಕಲಮ್ಮ ಫೋನ್ ಮಾಡಿ ಹೇಳಿದ್ದು ಇವತ್ತು. ದಮ್ಮು ಹತ್ತಿ, ಸಂಡೂರಿಗೆ ಒಯ್ಯುವ ದಾರಿಯಲ್ಲಿ.

ಕಂಪ್ಯೂಟರಿನಲ್ಲಿ ಆಕೆಯ ಸಾಲು ಮುಚ್ಚಬೇಕು. ಆಗಸ್ಟ್ ಸೊನ್ನೆ, ಸೆಪ್ಟೆಂಬರ್ ಸೊನ್ನೆ, ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ. ಆರು ಸೊನ್ನೆ. ಮುಂದೆ ಸಾವಿನ ದಿನಾಂಕ. ಆರು ತಿಂಗಳು ಒಮ್ಮೆಯೂ ದಮ್ಮು ಹತ್ತದ ಹೆಂಗಸು ದಮ್ಮು ಹತ್ತಿ ಸತ್ತಳು.

ಗಿರೀಶ್ ಹಿಂದೊಮ್ಮೆ ಹೇಳಿದ್ದ. ಸತ್ತವರಿಗೆ ಮತ್ತೆ ದಮ್ಮು ಬರಲ್ಲ. ಸಾವನ್ನ ಬಿಟ್ಟು ದಮ್ಮನ್ನ ಮಾತ್ರ ಎಣಿಸಿದರೆ, ಹೆಚ್ಚು ಜನ ಸತ್ತ ಗುಂಪೇ ಆರೋಗ್ಯವಾಗಿ ಕಾಣುತ್ತೆ. ಆವತ್ತು ಚೆಂದದ ಲೆಕ್ಕ ಅನಿಸಿತ್ತು.

15 ಫೆಬ್ರವರಿ, ಗುರುವಾರ

ವಡ್ಡುವಿಗೆ ಹೋಗಿ ಬಂದೆ. ಸಾವಿನ ಫಾರಂ ತುಂಬಿಸಬೇಕಿತ್ತು, ಅದೇ ನೆಪ.

ಸುಂಕಲಮ್ಮ ಅಳಲಿಲ್ಲ, ಚಹಾ ಕೊಟ್ಟಳು. ಔಷಧಿ ಚೀಟಿ ಏನಾದರೂ ಇವೆಯಾ ಅಂದೆ. ಗೋಡೆ ಮೊಳೆಯಿಂದ ತಂತಿಯೊಂದನ್ನು ಇಳಿಸಿ ಕೊಟ್ಟಳು. ಕರೆಂಟ್ ಬಿಲ್ಲು, ರೇಷನ್ ಚೀಟಿ, ಅದರ ನಡುವೆ ಜಡೆಪ್ಪನ ಚೀಟಿಗಳು, ಒಂದರ ಮೇಲೊಂದು ಚುಚ್ಚಿದ್ದವು. ದಿನಾಂಕ ಸಮೇತ. ಸೂಜಿ, ಆವಿ. ಸೂಜಿ, ಆವಿ. ನಾನು ವಡ್ಡು ಹಿಡಿದ ಮೇಲಿನವು ಹನ್ನೊಂದು.

ಪ್ರತಿ ತಿಂಗಳು ಬಂದಾಗ ಕೇಳುತ್ತಿದ್ದೆನಲ್ಲ, ಯಾಕೆ ಹೇಳಲಿಲ್ಲ ಅಂದೆ. ನನ್ನ ದನಿ ಏರಿತ್ತು ಅಂತ ಕಾಣುತ್ತೆ. ಆಕೆ ನನ್ನ ಮುಖವನ್ನೇ ನೋಡಿದಳು.

"ನೀವು ಹೊಸದೇನಾರ ಬಂತೇನು ಅಂತ ಕೇಳ್ತಿದ್ರಿ. ನೀವು ಹೋದ ಮ್ಯಾಲ ಅತ್ತಿ ಅಂತಿದ್ಲು, ಇರೋದ ಬಿಟ್ಟು ಹೋಗವಲ್ದು, ಹೊಸದು ಎಲ್ಲಿಂದ ತರ್ಲಿ ಅಂತ."

ಚಹಾ ಲೋಟ ಕೈಯಲ್ಲೇ ಇತ್ತು. ಎಲ್ಲಿಡಬೇಕು ಅಂತ ತಿಳಿಯಲಿಲ್ಲ.

ಅದೇ ದಿನ, ಸಂಜೆ

ಅಮ್ಮ ಹಂಪಿಯ ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದಳು. ಆರೋಗ್ಯ ಹೇಗಿದೆ, ಏನಾದರೂ ಹೊಸತಾ ಅಂತ ಆ ಕಡೆಯಿಂದ ಕೇಳಿರಬೇಕು. "ಹೊಸದೇನಿಲ್ಲ, ಅದೇ ಮೊಣಕಾಲು," ಅಂದಳು. ಈ ವಾರ ಎರಡು ದಿನ ಹಾಸಿಗೆಯಿಂದ ಎದ್ದಿಲ್ಲ ಅಮ್ಮ. ಸ್ನಾನದ ಮನೆಗೂ ನಾನೇ ಕೈ ಹಿಡಿದು ಒಯ್ದದ್ದು.

ಹೊಸದೇನಿಲ್ಲ.

ಮೂವತ್ತೊಂದು ವರ್ಷ ಈ ಮಾತನ್ನು ನಮ್ಮ ಮನೆಯಲ್ಲೇ ಕೇಳಿದ್ದೇನೆ. ನಾನೂ ಆಡುತ್ತೇನೆ. ಫಾರಂ ಕೈಯಲ್ಲಿ ಹಿಡಿದ ಕೂಡಲೆ ಕಿವಿ ಎಲ್ಲಿಗೆ ಹೋಗುತ್ತಿತ್ತು? ಓದಿ ಓದಿ ಮರುಳಾದ ಕೂಚಂಭಟ್ಟ. ಹನ್ನೊಂದು ಸಲ ಉಸಿರು ಕಟ್ಟಿದ್ದು ಹೊಳೆಮ್ಮನಿಗೆ ಹನ್ನೊಂದಲ್ಲ, ಇಪ್ಪತ್ತು ವರ್ಷದ ಒಂದೇ ದಮ್ಮು. ಎಣಿಸಬೇಕಾದದ್ದು ಹತ್ತಿದ ಸಲ. ನಾನು ಕೇಳಿದ್ದು ಹೊಸ ರೋಗ.

ಎರಡಕ್ಕೇ ಗಾಡಿ ಹೋಗಬೇಕಿತ್ತು. ಎರಡಕ್ಕೇ.

17 ಫೆಬ್ರವರಿ, ಶನಿವಾರ

ಚೀಟಿಗಳ ಫೋಟೋ ಸರ್ ಮುಂದಿಟ್ಟೆ. ಏಳನೇ ಪ್ರಶ್ನೆಯ ಕಥೆಯನ್ನೂ ಹೇಳಿದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕೆಟ್ಟ ಮನುಷ್ಯನಲ್ಲ. ಹೊಳೆಮ್ಮನ ಹೆಸರು ಅವರಿಗೆ ನೆನಪಿತ್ತು.

ಆಮೇಲೆ ದಾರಿ ಹೇಳಿಕೊಟ್ಟರು. ಪ್ರಶ್ನೆ ಸಮಿತಿ ಒಪ್ಪಿದ್ದು. ನಾನು ಅದನ್ನು ಇದ್ದದ್ದು ಇದ್ದ ಹಾಗೆ ಕೇಳಿದ್ದೇನೆ. ಆದ್ದರಿಂದ ನಿಯಮದ ಪ್ರಕಾರ ತಪ್ಪೇ ಆಗಿಲ್ಲ. ಹೊಳೆಮ್ಮನ ಸಾಲು ಒಂದನ್ನು ತಿದ್ದು, ಕಾರಣ "ಹೊಸ ಮಾಹಿತಿ" ಅಂತ ಹಾಕು, ಮನೆಯವರಿಂದ ಚೀಟಿ ಸಿಕ್ಕಿತು ಅನ್ನು. ಪ್ರಶ್ನೆಯ ವಿಷಯ ಎತ್ತಿದರೆ ವರ್ಷದ ಕೆಲಸವೆಲ್ಲ ನೀರಿಗೆ. ನಮ್ಮ ಆಸ್ಪತ್ರೆಯನ್ನೇ ಪರೀಕ್ಷೆಯಿಂದ ಕೈಬಿಡಬಹುದು. "ಅನುವಾದದ ಕೆಳಗೆ ಇರೋ ಸಹಿ ನಿಂದಮ್ಮಾ," ಅಂದರು ಕೊನೆಗೆ. ಬೆದರಿಕೆಯಲ್ಲ. ಮರುಕದ ಹಾಗೇ ಇತ್ತು, ಅದೇ ಹೆಚ್ಚು ಚುಚ್ಚಿತು.

ಎಂಥ ಅನುಕೂಲದ ಸತ್ಯ. ಇದ್ದದ್ದು ಇದ್ದ ಹಾಗೆ ಕೇಳಿದೆ. ಇದರಲ್ಲಿ ಒಂದು ಪದವೂ ಸುಳ್ಳಲ್ಲ.

20 ಫೆಬ್ರವರಿ, ಮಂಗಳವಾರ

ದುರುಗೇಶ್ ಕುರೆಕುಪ್ಪದ ಹತ್ತಿರ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿದ್ದಾನೆ. ಹೋದೆ. ಸಣ್ಣ ಕಿಟಕಿ, ಎದುರು ಲಾರಿಗಳ ಸಾಲು. ನನ್ನನ್ನು ನೋಡಿ ಎದ್ದು ನಿಂತ. ಆ ಮರ್ಯಾದೆ ಬೇಡವಾಗಿತ್ತು.

ಹೊಳೆಮ್ಮನ ವಿಷಯ ಅವನಿಗೆ ಗೊತ್ತಿತ್ತು. ಮಣ್ಣಿಗೆ ಹೋಗಿದ್ದನಂತೆ. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ನಡುನಡುವೆ ಲಾರಿ ಬಂದಾಗ ತೂಕ ಬರೆದು ಚೀಟಿ ಹರಿದು ಕೊಡುತ್ತಿದ್ದ. ಮುಗಿಸಿದ ಮೇಲೆ ಒಂದೇ ಕೇಳಿದ.

"ನನ್ನ ಮ್ಯಾಲ ಏನಂತ ಬರದಿದ್ರಿ ಮೇಡಂ? ನನಗ ಯಾರೂ ಓದಿ ಹೇಳ್ಲಿಲ್ಲ."

ಹೇಳಿದೆ. ಬಾಯಿಪಾಠವಾಗಿತ್ತು. ಕೂತಲ್ಲೇ ಸಂಖ್ಯೆ ಬರೆಯುತ್ತಾನೆ.

ಇನ್ನೊಂದು ಲಾರಿಯ ತೂಕ ಬರೆದುಕೊಂಡ. "ಖರೇನ ಐತಿ. ಕುಂತ ಬರದಿದ್ದೆ. ಅವ್ರ ಪಕ್ಕದಾಗ ಕುಂತು."

ಆ ಕಾಲದಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಸಣ್ಣ ಪುಸ್ತಕ ಕೇಳಿದೆ. ಸಂತೆ, ಅಮಾವಾಸ್ಯೆ ಹಿಡಿದು ಗುರುತು ಹಾಕಿಕೊಂಡ ಪುಸ್ತಕ. ನಾಳೆ ಕೊಡ್ತೀನ್ರಿ ಅಂದ. ಕ್ಷಮಿಸು ಅಂದೆನಾ? ಅಂದೆ ಅಂತಲೇ ಅನಿಸುತ್ತೆ. ಆಗ ಲಾರಿ ಹಾರ್ನ್ ಹೊಡೆಯಿತು, ಅವನಿಗೆ ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ ಅನ್ನುವ ಧೈರ್ಯ ಬರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ. ಪಕ್ಕದವಳು ಕಿಟಕಿ ಮುಚ್ಚಿದಳು, ದೂಳಿಗೆ ಅಂದುಕೊಂಡು.

22 ಫೆಬ್ರವರಿ, ಗುರುವಾರ

ಗಾಳೆಪ್ಪನ ಮನೆ. ಫಾರಂ ಚೀಲದಲ್ಲೇ ಬಿಟ್ಟೆ. ಬಾಗಿಲ ಮೆಟ್ಟಿಲ ಮೇಲೆ ಕೂತೆ. ಮಾತು ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದೆ ಲಾರಿಗಳ ಬಗ್ಗೆ ಕೇಳಿದೆ. ಹತ್ತು ನಿಮಿಷ ಅದೇ. ಆಮೇಲೆ, ಸಂಕ್ರಾಂತಿಯಿಂದ ಈಚೆಗೆ ಎಷ್ಟು ಸಲ ದಮ್ಮು ಹತ್ತಿತು, ಎಷ್ಟು ಸಲ ಸೂಜಿ ಹಾಕಿಸಿಕೊಂಡಿರಿ ಅಂದೆ.

ಬೆರಳು ಮಡಿಸಿದ. ಒಂದು ಕೈ ಮುಗಿದು ಇನ್ನೊಂದಕ್ಕೆ ಹೋಯಿತು. ಆರು.

"ಇಷ್ಟು ದಿನ ಯಾಕ ಕೇಳ್ಲಿಲ್ರಿ ಮೇಡಂ?"

ಗಾಡಿ ಕಳಿಸಲು ಅಲ್ಲಿಂದಲೇ ಫೋನ್ ಮಾಡಿದೆ. ಸರ್ ಎತ್ತಲಿಲ್ಲ. ಡ್ರೈವರ್‌ಗೆ ನೇರವಾಗಿ ಮಾಡಿದೆ. ಸಂಜೆ ಐದಕ್ಕೆ ಗಾಳೆಪ್ಪ ವಾರ್ಡಿನಲ್ಲಿದ್ದ. ಇನ್ನು ಕುರೆಕುಪ್ಪದ ಹದಿಮೂರು, ವಡ್ಡುವಿನ ಇಪ್ಪತ್ತೇಳು. ಉಳಿದ ಊರುಗಳಲ್ಲೂ ಎಲ್ಲರೂ ನನ್ನ ಪ್ರಶ್ನೆಯನ್ನೇ ಓದುತ್ತಿದ್ದಾರೆ, ಚಾಚೂ ತಪ್ಪದೆ. ನಾನೇ ತರಬೇತಿ ಕೊಟ್ಟದ್ದು.

23 ಫೆಬ್ರವರಿ, ಶುಕ್ರವಾರ, ಬೆಳಿಗ್ಗೆ 11

ಹೊಳೆಮ್ಮನ ಸಾಲು ತೆರೆದಿದೆ. ಸೊನ್ನೆ ಅಳಿಸಿದರೆ ಕಂಪ್ಯೂಟರ್ ಕೇಳುತ್ತದೆ: ಬದಲಾವಣೆಗೆ ಕಾರಣ. ಮೂರು ಆಯ್ಕೆ. ಬರಹದ ದೋಷ. ಹೊಸ ಮಾಹಿತಿ. ಇತರೆ.

ಸರ್ ಒಮ್ಮೆ ಬಂದು ಹಿಂದೆ ನಿಂತು ಹೋದರು.

ಹೊಸ ಮಾಹಿತಿ. ಒತ್ತಿದರೆ ಮುಗಿಯಿತು, ಊಟಕ್ಕೆ ಮನೆಗೆ ಹೋಗಬಹುದು. ಆದರೆ ಹೊಸದೇನಿದೆ ಇದರಲ್ಲಿ? ಎಲ್ಲ ಅದೇ, ಹಳೇದು. ಆಗಸ್ಟಿನಲ್ಲೇ ಹೇಳಿದ್ದಳು.

'ಇತರೆ' ಒತ್ತಿದೆ. ಸಣ್ಣ ಡಬ್ಬಿ ತೆರೆಯಿತು, ವಿವರಿಸಿ ಅಂತ. ಇದು ಗಿರೀಶನಿಗೂ ಹೋಗುತ್ತದೆ, ಸಮಿತಿಗೂ ಹೋಗುತ್ತದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಪ್ರಶ್ನೆಯನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳಲಾಗಿದೆ— ಯಾರು ಮಾಡಿಕೊಂಡದ್ದು? ಮತ್ತೆ ಅದೇ ಅಚ್ಚುಕಟ್ಟು ಕನ್ನಡ. ಹೊಡೆದು ಹಾಕಿದೆ.

ಏಳನೇ ಪ್ರಶ್ನೆ ತಪ್ಪು. ದುರುಗೇಶ್ ಸರಿಯಾಗಿ ಕೇಳುತ್ತಿದ್ದರು, ಅವರ ಮೇಲಿನ ವರದಿ ಸುಳ್ಳು. ಹೊಳೆಮ್ಮ, ಹನ್ನೊಂದು ಸಲ. ಆಕೆ ಪ್ರತಿ ತಿಂಗಳೂ ಹೇಳಿದ್ದಾರೆ. ಸೊನ್ನೆ ಬರೆದವಳು